ಅಪ್ಪ ಅಮ್ಮ ಮಾತು ಬಿಟ್ಟಾಗ ನಡುವೆ ಓಡಾಡಿದ ಮಗು: ಬಾಲ್ಯದ ಮನೆಯ ರೂಢಿಗಳು ಮತ್ತು ಥೆರಪಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಆಪ್ತಸಮಾಲೋಚನೆಗೆ ಒಂದೆರಡು ಬಾರಿ ಹೋಗಿ ಬಂದವರು ಮತ್ತು ಹೋಗಬೇಕೋ ಬೇಡವೋ ಎಂಬ ಅನುಮಾನದಲ್ಲಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಉತ್ತರಿಸಲಾಗಿದೆ. ಎಲ್ಲ ಬಗೆಯ ಮನೆಗಳನ್ನೂ ಒಟ್ಟಿಗೆ ಹಿಡಿಯಲು ಹೊರಟರೆ ಯಾವುದೂ ಕೈಗೆ ಸಿಗುವುದಿಲ್ಲ. ಆದ್ದರಿಂದ ನಮ್ಮ ಕಡೆ ತೀರಾ ಪರಿಚಿತವಾದ ಒಂದು ಸನ್ನಿವೇಶವನ್ನೇ ಉದ್ದಕ್ಕೂ ಇಟ್ಟುಕೊಂಡಿದ್ದೇನೆ: ಗಂಡ ಹೆಂಡತಿ ಪರಸ್ಪರ ಮಾತು ಬಿಟ್ಟಿರುವ ಮನೆ, ಮತ್ತು ಅವರಿಬ್ಬರ ನಡುವೆ ಸುದ್ದಿ ಸಾಗಿಸುವ ಮಗು. ಉದಾಹರಣೆಗಳು ಕಲ್ಪಿತ, ಯಾರೊಬ್ಬರ ಕಥೆಯೂ ಅಲ್ಲ.

ಬಾಲ್ಯದ ಮನೆಯ ರೂಢಿ ಎಂದರೆ ಏನು?

ಪ್ರತಿ ಮನೆಗೂ ಯಾರೂ ಬರೆದಿಡದ ಕೆಲವು ಕಟ್ಟಳೆಗಳಿರುತ್ತವೆ. ಯಾರು ಸಿಟ್ಟಾಗಬಹುದು, ಯಾರು ಆಗಬಾರದು. ಯಾರ ಅಳು ಕೇಳಿಸುತ್ತದೆ, ಯಾರದ್ದು ಕೇಳಿಸುವುದಿಲ್ಲ. ಸಾಲದ ಮಾತನ್ನು ಯಾರೆದುರು ಎತ್ತಬಾರದು. ಜಗಳವಾದ ಮೇಲೆ ಮೊದಲು ಮಾತಾಡಿಸಬೇಕಾದವರು ಯಾರು. ಮಗು ಇವನ್ನು ಮಾತೃಭಾಷೆಯಂತೆ ಕಲಿಯುತ್ತದೆ. ವ್ಯಾಕರಣವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಆದರೂ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ.

ಮಾತು ಬಿಟ್ಟ ಮನೆಯನ್ನು ನೋಡಿ. ಅಡುಗೆಮನೆಯಿಂದ ಅಮ್ಮ "ಊಟಕ್ಕೆ ಬರೋಕೆ ಹೇಳು ನಿಮ್ಮಪ್ಪಂಗೆ" ಎನ್ನುತ್ತಾಳೆ. ಹತ್ತಡಿ ಆಚೆ ಕುಳಿತ ಅಪ್ಪನಿಗೆ ಅದು ಸ್ಪಷ್ಟವಾಗಿ ಕೇಳಿಸಿರುತ್ತದೆ. ಆದರೂ ಮಗು ನಡೆದು ಹೋಗಿ ಹೇಳಲೇಬೇಕು. "ನಂಗೆ ಬೇಡ ಅಂತ ಹೇಳು" ಎಂಬ ಉತ್ತರವನ್ನು ಹೊತ್ತು ಹಿಂದಿರುಗುವಾಗ, ಆ ಹತ್ತಡಿಯಲ್ಲೇ ಮಗು ಒಂದು ಕಸುಬನ್ನು ಕಲಿಯುತ್ತದೆ. ಮಾತಿನ ಮೊನೆಯನ್ನು ಮುರಿದು, "ಆಮೇಲೆ ಬರ್ತಾರಂತಮ್ಮಾ" ಎಂದು ಒಪ್ಪಿಸುತ್ತದೆ. ಇಬ್ಬರ ನಡುವಿನ ಉದ್ವೇಗವನ್ನು ತಾಳಲಾರದಾಗ ಅವರು ಮೂರನೆಯವರನ್ನು ಒಳಗೆಳೆದುಕೊಳ್ಳುವ ಈ ರಚನೆಯನ್ನು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ತ್ರಿಕೋನ ಎಂದು ಕರೆದರು. ಕುಟುಂಬದ ಅತಿ ಸಣ್ಣ ಸ್ಥಿರ ಘಟಕ ಜೋಡಿಯಲ್ಲ, ತ್ರಿಕೋನ ಎಂಬುದು ಅವರ ವಾದ.

ಬಾಲ್ಯ ನನಗೆ ಅಷ್ಟಾಗಿ ನೆನಪೇ ಇಲ್ಲ. ನೆನಪಿಲ್ಲದ್ದು ಮರುಕಳಿಸುವುದು ಹೇಗೆ?

ಮನೋವಿಶ್ಲೇಷಣೆಯ ಪದ್ಧತಿಯನ್ನು ಹುಟ್ಟುಹಾಕಿದ ಫ್ರಾಯ್ಡ್ 1914ರ ಒಂದು ಲೇಖನದಲ್ಲಿ ಇದೇ ವಿಷಯವನ್ನು ಎತ್ತಿಕೊಂಡರು. ರೋಗಿಯು ಮರೆತದ್ದನ್ನು ನೆನಪಾಗಿ ಹೇಳುವುದಿಲ್ಲ, ಅದನ್ನು ಕ್ರಿಯೆಯಾಗಿ ಮತ್ತೆ ನಡೆಸುತ್ತಾನೆ, ಮತ್ತು ತಾನು ಪುನರಾವರ್ತಿಸುತ್ತಿದ್ದೇನೆ ಎಂಬುದು ಅವನಿಗೆ ತಿಳಿದಿರುವುದಿಲ್ಲ ಎಂಬುದು ಅವರು ಕಂಡುಕೊಂಡದ್ದು. ಫ್ರಾಯ್ಡರ ಎಷ್ಟೋ ವಿಚಾರಗಳು ಇಂದು ಉಳಿದಿಲ್ಲ. ಇದು ಮಾತ್ರ ಬೇರೆ ಬೇರೆ ಪಂಥಗಳ ಚಿಕಿತ್ಸಕರೂ ತಮ್ಮದೇ ಮಾತುಗಳಲ್ಲಿ ಒಪ್ಪಿಕೊಳ್ಳುವ ಸಂಗತಿಯಾಗಿ ಉಳಿದಿದೆ. ಸೈಕಲ್ ತುಳಿಯುವುದನ್ನು ಯಾವ ದಿನ ಕಲಿತಿರಿ ಎಂಬುದು ನೆನಪಿರದಿದ್ದರೂ ಕಾಲಿಗೆ ತುಳಿಯುವುದು ಗೊತ್ತಿರುತ್ತದೆ. ಮನೆಯ ಪಾಠವೂ ಹೆಚ್ಚಾಗಿ ಈ ಬಗೆಯ ನೆನಪು.

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1969ರಿಂದ 1980ರವರೆಗೆ ಮೂರು ಸಂಪುಟಗಳಲ್ಲಿ ಇದಕ್ಕೆ ಇನ್ನೊಂದು ನೆಲೆಗಟ್ಟು ಕೊಟ್ಟರು. ತನ್ನನ್ನು ಸಾಕುವವರು ಕರೆದರೆ ಬರುತ್ತಾರೋ ಇಲ್ಲವೋ ಎಂಬ ದಿನನಿತ್ಯದ ಅನುಭವದಿಂದ ಮಗು ತನ್ನ ಬಗ್ಗೆ ಮತ್ತು ಇತರರ ಬಗ್ಗೆ ಒಂದು ಅಂದಾಜನ್ನು ಕಟ್ಟಿಕೊಳ್ಳುತ್ತದೆ, ಮುಂದೆ ಹೊಸಬರನ್ನೂ ಅದೇ ಅಂದಾಜಿನಲ್ಲಿ ಅಳೆಯುತ್ತದೆ ಎಂದರು. ಬಾಂಧವ್ಯ ಸಿದ್ಧಾಂತ ಎನ್ನುವುದು ಇದನ್ನೇ. ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ 1950ರ ದಶಕದ ಮಧ್ಯದಲ್ಲಿ ಉಗಾಂಡದ ಹಳ್ಳಿಗಳಲ್ಲಿ 26 ಮನೆಗಳಿಗೆ ಹೋಗಿ ತಾಯಿ ಮಕ್ಕಳನ್ನು ಗಮನಿಸಿದವರು. ಈ ಸಿದ್ಧಾಂತದ ಮೊದಲ ಕ್ಷೇತ್ರಕಾರ್ಯ ನಡೆದದ್ದು ಆಫ್ರಿಕಾದಲ್ಲಿ ಎಂಬುದನ್ನು, ಇದೆಲ್ಲ ಬಿಳಿಯರ ಮನೆಯ ಕಥೆ ಎನ್ನುವವರು ಸಾಮಾನ್ಯವಾಗಿ ಮರೆಯುತ್ತಾರೆ.

ನಮ್ಮ ಮನೆಯಲ್ಲಿ ಹೊಡೆತ ಬಡಿತ, ಕುಡಿತ ಏನೂ ಇರಲಿಲ್ಲ. ಇದು ನನಗೂ ಅನ್ವಯಿಸುತ್ತದೆಯೇ?

ಅನ್ವಯಿಸಬಹುದು. ಐನ್ಸ್‌ವರ್ತ್ ಮುಂದೆ ಬಾಲ್ಟಿಮೋರ್‌ನಲ್ಲಿ, ಸುಮಾರು ಒಂದು ವರ್ಷದ ಮಕ್ಕಳನ್ನು ಹೊಸ ಕೋಣೆಯಲ್ಲಿ ತಾಯಿಯಿಂದ ಸ್ವಲ್ಪ ಹೊತ್ತು ಅಗಲಿಸಿ, ಆಕೆ ಮರಳಿದಾಗ ಮಗು ಏನು ಮಾಡುತ್ತದೆ ಎಂದು ನೋಡುವ ವಿಧಾನವನ್ನು ರೂಪಿಸಿದರು. ಕೆಲವು ಮಕ್ಕಳು ಅಳಲಿಲ್ಲ. ತಾಯಿ ಬಂದಾಗಲೂ ಆಟಿಕೆಯಿಂದ ತಲೆಯೆತ್ತಲಿಲ್ಲ. ನೋಡಿದವರಿಗೆ "ಎಷ್ಟು ಒಳ್ಳೆ ಮಗು, ಹಟವೇ ಇಲ್ಲ" ಎನ್ನಿಸುವಂತಿತ್ತು. ಆದರೆ 1977ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಇಂಥ ಮಕ್ಕಳ ಹೃದಯಬಡಿತವನ್ನು ಅಳೆದಾಗ ಅದು ಏರಿತ್ತು. ಮಗು ಶಾಂತವಾಗಿರಲಿಲ್ಲ, ಶಾಂತವಾಗಿ ಕಾಣುವುದನ್ನು ಕಲಿತಿತ್ತು.

ನಮ್ಮಲ್ಲಿ ಹೆಮ್ಮೆಯಿಂದ ಹೇಳುವ "ನಮ್ಮ ದೊಡ್ಡವಳು ಚಿಕ್ಕಂದಿನಿಂದಲೂ ಏನೂ ಕೇಳಿದವಳಲ್ಲ" ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ಇನ್ನೊಮ್ಮೆ ಕೇಳಿಸಿಕೊಳ್ಳಬೇಕು. ಏನೂ ಕೇಳದಿರುವುದು ಕೆಲವೊಮ್ಮೆ ಸ್ವಭಾವ. ಕೆಲವೊಮ್ಮೆ ಅದು ಆ ಮನೆಯಲ್ಲಿ ಆ ಮಗುವಿಗೆ ಬಿದ್ದ ಕೆಲಸ.

ದೊಡ್ಡವರಾದ ಮೇಲೆ ಇದು ಎಲ್ಲಿ ತಲೆಯೆತ್ತುತ್ತದೆ?

ಹೆಚ್ಚಾಗಿ, ಹಳೆಯ ಮನೆಯ ಆಕಾರವನ್ನು ಹೋಲುವ ಜಾಗಗಳಲ್ಲಿ. ಮದುವೆಯಾದ ಮೊದಲ ವರ್ಷ, ಮೊದಲ ಮಗು ಹುಟ್ಟಿದಾಗ, ತಂದೆ ಅಥವಾ ತಾಯಿ ಹಾಸಿಗೆ ಹಿಡಿದಾಗ, ಆಸ್ತಿ ಪಾಲಿನ ಮಾತು ಬಂದಾಗ, ಹಬ್ಬಕ್ಕೆ ಊರಿಗೆ ಹೋಗಿ ಎರಡನೆಯ ದಿನದ ಸಂಜೆಯಾದಾಗ. ಬೆಂಗಳೂರಿನ ಕಚೇರಿಯಲ್ಲಿ 40 ಜನರ ತಂಡವನ್ನು ನಡೆಸುವ ವ್ಯಕ್ತಿ ಊರಿನ ಮನೆಯ ಹೊಸ್ತಿಲು ದಾಟಿದ ಕೂಡಲೇ ಹನ್ನೆರಡು ವರ್ಷದವನಾಗಿಬಿಡುವುದನ್ನು ಅವನ ಹೆಂಡತಿ ಬಲು ಬೇಗ ಗುರುತಿಸುತ್ತಾಳೆ. ಅವನಿಗೇ ತಿಳಿಯುವುದು ತಡ.

ಸುದ್ದಿ ಸಾಗಿಸುತ್ತಿದ್ದ ಆ ಮಗುವನ್ನೇ ಹಿಂಬಾಲಿಸೋಣ. ಈಗ ಅವಳಿಗೆ 35 ವರ್ಷ. ಕಚೇರಿಯಲ್ಲಿ ಇಬ್ಬರು ಹಿರಿಯ ಅಧಿಕಾರಿಗಳಿಗೆ ಆಗಿಬರುವುದಿಲ್ಲ, ಇಬ್ಬರೂ ತಮ್ಮ ಕಷ್ಟವನ್ನು ಅವಳ ಬಳಿಯೇ ಹೇಳಿಕೊಳ್ಳುತ್ತಾರೆ, ಇಬ್ಬರ ಈಮೇಲುಗಳನ್ನೂ ಅವಳೇ ತಿದ್ದಿ ಮೆದುಗೊಳಿಸುತ್ತಾಳೆ. ಮದುವೆಯಾದ ಮನೆಯಲ್ಲಿ ಅತ್ತೆ ಮತ್ತು ಗಂಡನ ನಡುವಿನ ಮಾತೆಲ್ಲ ಅವಳ ಮೂಲಕವೇ ಸಾಗುತ್ತದೆ. ಎಲ್ಲರೂ ಅವಳನ್ನು ಹೊಗಳುತ್ತಾರೆ. ರಾತ್ರಿ ನಿದ್ದೆ ಬರುವುದಿಲ್ಲ, ತಲೆನೋವು ಹೋಗುವುದಿಲ್ಲ, "ನಿನಗೇನು ಬೇಕು" ಎಂದು ಗಂಡ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಗಮನಿಸಿ, ಅವಳಿಗೆ ಮರಳಿ ಬಂದಿರುವುದು ಬಾಲ್ಯದ ಯಾವುದೋ ದುಃಖದ ನೆನಪಲ್ಲ. ಮರಳಿ ಬಂದಿರುವುದು ಅವಳು ಅಂದು ಮಾಡುತ್ತಿದ್ದ ಕೆಲಸ. ಈ ಪುಟದಲ್ಲಿ ಹೇಳಬೇಕೆಂದಿರುವ ಮುಖ್ಯ ಸಂಗತಿಯೇ ಇದು: ಬಾಲ್ಯದಿಂದ ನಾವು ಹೊತ್ತು ತರುವುದು ಗಾಯಕ್ಕಿಂತ ಹೆಚ್ಚಾಗಿ ಉದ್ಯೋಗ, ಮತ್ತು ಆ ಉದ್ಯೋಗದಲ್ಲಿ ನಾವು ಬಹಳ ನಿಪುಣರಾಗಿರುವುದರಿಂದಲೇ ಅದನ್ನು ಬಿಡುವುದು ಕಷ್ಟ.

ಥೆರಪಿಯ ಕೋಣೆಯಲ್ಲಿ ಇದು ಹೇಗೆ ಕಾಣಿಸಿಕೊಳ್ಳುತ್ತದೆ?

ಸಾಮಾನ್ಯ ನಿರೀಕ್ಷೆ ಹೀಗಿರುತ್ತದೆ: ನಾನು ಬಾಲ್ಯದ ಕಥೆ ಹೇಳುತ್ತೇನೆ, ಅವರು ಕೇಳಿ ಪರಿಹಾರ ಹೇಳುತ್ತಾರೆ. ನಡೆಯುವುದು ಬೇರೆ. ಕೆಲವು ವಾರಗಳಲ್ಲಿ ನೀವು ಚಿಕಿತ್ಸಕರ ಜೊತೆಗೇ ನಿಮ್ಮ ಮನೆಯ ಪಾತ್ರವನ್ನು ಆಡತೊಡಗುತ್ತೀರಿ. ನಮ್ಮ ಕಥೆಯ ಮಹಿಳೆ ಕೋಣೆಗೆ ಬಂದ ಕೂಡಲೇ ಚಿಕಿತ್ಸಕಿಯ ಮುಖ ನೋಡಿ, "ಇವತ್ತು ತುಂಬಾ ಜನ ಇದ್ರಾ ಮೇಡಂ? ಸುಸ್ತಾದ ಹಾಗಿದೆ" ಎನ್ನುತ್ತಾಳೆ. ಕಳೆದ ವಾರದ ಸಲಹೆಯಿಂದ ಪ್ರಯೋಜನವಾಗದಿದ್ದರೂ "ಪರವಾಗಿಲ್ಲ, ಸ್ವಲ್ಪ ಆರಾಮ" ಎನ್ನುತ್ತಾಳೆ. ಅಮ್ಮನ ಬಗ್ಗೆ ಒಂದು ಕಟುವಾದ ಮಾತು ಬಾಯಿಂದ ಬಂದರೆ ಅದರ ಬೆನ್ನಿಗೇ ಅಮ್ಮನ ಪರವಾಗಿ ಮೂರು ಮಾತು ಸೇರಿಸುತ್ತಾಳೆ. ಇಲ್ಲೂ ಅವಳು ಮಾತಿನ ಮೊನೆ ಮುರಿದೇ ಒಪ್ಪಿಸುತ್ತಿದ್ದಾಳೆ.

ಇದಕ್ಕೆ ಮನೋವಿಜ್ಞಾನದ ಕನ್ನಡದಲ್ಲಿ ವರ್ಗಾವಣೆ ಎಂಬ ಪದವಿದೆ. ಸರ್ಕಾರಿ ನೌಕರಿಯ ಮನೆಗಳಲ್ಲಿ ಬೆಳೆದವರಿಗೆ ಆ ಪದ ಕೇಳಿದ ಕೂಡಲೇ ಲಾರಿ, ಸಾಮಾನು, ಹೊಸ ಶಾಲೆ ನೆನಪಾಗುತ್ತದೆ. ನನಗೆ ಅದು ಅಪಾರ್ಥವೆನ್ನಿಸುವುದಿಲ್ಲ, ಅರ್ಥಕ್ಕೆ ಹತ್ತಿರವೇ ಎನ್ನಿಸುತ್ತದೆ. ಊರು ಬದಲಾಗಿದೆ, ಎದುರಿನ ಕುರ್ಚಿಯಲ್ಲಿ ಕುಳಿತವರು ಬದಲಾಗಿದ್ದಾರೆ, ಹುದ್ದೆ ಮಾತ್ರ ಹಳೆಯದೇ. ಫ್ರಾಯ್ಡ್‌ಗೆ ಇದರ ತೂಕ ಅರಿವಾದದ್ದು ಒಂದು ಸೋಲಿನಿಂದ. 1905ರಲ್ಲಿ ಅವರು ಪ್ರಕಟಿಸಿದ, ಡೋರಾ ಎಂಬ ಬದಲಿ ಹೆಸರಿನ ಯುವತಿಯ ಪ್ರಕರಣದಲ್ಲಿ ಆಕೆ ಹನ್ನೊಂದು ವಾರಗಳಲ್ಲೇ ಚಿಕಿತ್ಸೆಯನ್ನು ಬಿಟ್ಟು ಹೊರಟಿದ್ದಳು. ತನ್ನ ಮೇಲೆ ವರ್ಗಾವಣೆಯಾಗುತ್ತಿದ್ದ ಭಾವವನ್ನು ಸಕಾಲದಲ್ಲಿ ಗುರುತಿಸಲಿಲ್ಲ ಎಂದು ಅವರೇ ಬರೆದುಕೊಂಡರು. ಡೋರಾಳ ಕಥೆಯೂ, ಕಾಕತಾಳೀಯವೆಂಬಂತೆ, ದೊಡ್ಡವರ ಸಂಬಂಧಗಳ ಲೆಕ್ಕಾಚಾರದ ನಡುವೆ ಸಿಕ್ಕಿಬಿದ್ದ ಮಗಳ ಕಥೆ.

ಚಿಕಿತ್ಸೆ ಕೆಲಸ ಮಾಡುವುದು ಈ ಜಾಗದಲ್ಲಿಯೇ. ಒಂದು ದಿನ ಚಿಕಿತ್ಸಕಿ, "ಪರವಾಗಿಲ್ಲ ಅಂದಿರಿ, ಆದರೆ ನನಗೆ ಬೇಜಾರಾಗದಿರಲಿ ಅಂತ ಹಾಗಂದಿರಾ?" ಎಂದು ಕೇಳಬಹುದು. ಆ ಪ್ರಶ್ನೆಗೆ ಮೊದಲ ಬಾರಿ ಬರುವುದು ಉತ್ತರವಲ್ಲ, ಮೌನ, ಅಥವಾ ಅಳು, ಅಥವಾ ಮುಂದಿನ ವಾರದ ಗೈರುಹಾಜರಿ. ಮೂರೂ ಸಹಜ. ಆಮೇಲೆ ಎಂದೋ ಒಂದು ದಿನ "ಹೌದು, ನೀವು ಹೇಳಿದ್ದು ನನಗೆ ಸರಿಹೋಗಲಿಲ್ಲ" ಎಂದು ಅವಳು ಹೇಳಿಯೂ ಎದುರಿನವರು ಮಾತು ಬಿಡದೆ ಉಳಿದರೆ, ಅಲ್ಲಿ ಆಗುವುದು ವಿವರಣೆಯಿಂದ ಆಗದ ಕೆಲಸ. ಆದ್ದರಿಂದ ಚಿಕಿತ್ಸಕರ ಮೇಲೆಯೇ ಬೇಸರ ಬಂದಾಗ ಮೆಲ್ಲಗೆ ಬೇರೆಯವರನ್ನು ಹುಡುಕುವ ಮುನ್ನ, ಆ ಬೇಸರವನ್ನು ಕೋಣೆಯೊಳಗೆ ಹೇಳಿ ನೋಡುವುದು ಒಳ್ಳೆಯದು. ಅವರು ನಿಜವಾಗಿಯೂ ಅನುಚಿತವಾಗಿ ನಡೆದುಕೊಂಡಿದ್ದರೆ ಮಾತು ಬೇರೆ. ಅದು ನಿಮ್ಮ ಬಾಲ್ಯದ ನೆರಳಲ್ಲ, ಅವರ ತಪ್ಪು, ಕೂಡಲೇ ಹೊರಬನ್ನಿ.

ಚಿಕಿತ್ಸಕರಿಗೂ ಬಾಲ್ಯವಿರುತ್ತದಲ್ಲವೇ?

ಇರುತ್ತದೆ, ಮತ್ತು ಅದೂ ಕೋಣೆಯಲ್ಲಿರುತ್ತದೆ. ಮನೆಯಲ್ಲಿ ಸಂಧಾನ ಮಾಡುತ್ತಲೇ ಬೆಳೆದವರು ಈ ವೃತ್ತಿಗೆ ಬರುವುದು ಅಪರೂಪವೇನಲ್ಲ. ಅದಕ್ಕಾಗಿಯೇ ಅವರು ಹಿರಿಯರ ಮೇಲ್ವಿಚಾರಣೆಯಲ್ಲಿ ತಮ್ಮ ಪ್ರತಿಕ್ರಿಯೆಗಳನ್ನು ಪರಿಶೀಲಿಸಿಕೊಳ್ಳಬೇಕೆಂಬ ಪದ್ಧತಿಯಿದೆ. ಬೋವೆನ್ ಅವರು 1967ರಲ್ಲಿ ಒಂದು ವೃತ್ತಿಪರರ ಸಭೆಯಲ್ಲಿ ಸಿದ್ಧಾಂತದ ಭಾಷಣದ ಬದಲು ತಮ್ಮ ಸ್ವಂತ ಕುಟುಂಬದ ಕಥೆಯನ್ನೇ ಹೇಳಿ ಎಲ್ಲರನ್ನೂ ಬೆಚ್ಚಿಬೀಳಿಸಿದರು. ಟೆನೆಸಿಯ ತಮ್ಮ ಊರಿನ ಮನೆಯಲ್ಲಿ ಹರಿದಾಡುತ್ತಿದ್ದ ಪಿಸುಮಾತುಗಳನ್ನು ಕಾಗದ ಬರೆದು ನೇರವಾಗಿ ಒಡಹುಟ್ಟಿದವರಿಗೇ ತಿಳಿಸಿ, ಆಮೇಲೆ ತಾವೇ ಊರಿಗೆ ಹೋಗಿ, ಯಾರ ಪಕ್ಷವನ್ನೂ ಹಿಡಿಯದೆ, ಯಾರಿಂದಲೂ ದೂರವಾಗದೆ ಉಳಿದ ಪ್ರಯತ್ನದ ವಿವರ ಅದು. 1972ರಲ್ಲಿ ಅದು ಅಚ್ಚಾದಾಗ ಲೇಖಕನ ಹೆಸರಿರಲಿಲ್ಲ.

ಕೂಡುಕುಟುಂಬದ ನಮ್ಮ ಸಂಸ್ಕೃತಿಗೆ ಈ ಸಿದ್ಧಾಂತಗಳು ಹೊಂದುತ್ತವೆಯೇ?

ಹಾಗೆಯೇ ಎತ್ತಿ ಇಟ್ಟರೆ ಹೊಂದುವುದಿಲ್ಲ. ಈ ಅನುಮಾನ ಹಳೆಯದು: 1922ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ ಗಿರೀಂದ್ರಶೇಖರ ಬೋಸರು, ತಮ್ಮ ಭಾರತೀಯ ರೋಗಿಗಳು ಯುರೋಪಿನವರಂತಿಲ್ಲ ಎಂದು ಫ್ರಾಯ್ಡ್‌ಗೇ ಪತ್ರ ಬರೆದಿದ್ದರು. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜೆ.ಎಸ್. ನೇಕಿ 1973ರಲ್ಲಿ ಗುರು ಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಮಾದರಿಯಾಗಿ ಪರಿಗಣಿಸಬೇಕೆಂದು ವಾದಿಸಿದರು. ನಮ್ಮ ರೋಗಿ ಎದುರಿಗೆ ಬಯಸುವುದು ಮೌನವಾಗಿ ಟಿಪ್ಪಣಿ ಬರೆದುಕೊಳ್ಳುವ ಅಪರಿಚಿತನನ್ನಲ್ಲ ಎಂಬುದು ಇದರ ಹಿಂದಿನ ತಿಳಿವಳಿಕೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನೂ ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆ ನೀಡಿದರು.

ನಮ್ಮ ಮನೆಗಳಲ್ಲಿ ತ್ರಿಕೋನಗಳು ಹೆಚ್ಚು. ಅತ್ತೆ, ಸೊಸೆ, ಮಗ. ಅಣ್ಣ, ತಮ್ಮ, ಅಮ್ಮ. ಎಣಿಸುತ್ತ ಹೋದರೆ ಮುಗಿಯುವುದಿಲ್ಲ. ಅಷ್ಟೇ ನಿಜವಾದ ಇನ್ನೊಂದು ಮಾತೆಂದರೆ, ತಪ್ಪಿಸಿಕೊಂಡು ಹೋಗಿ ಕೂರಲು ಮಡಿಲುಗಳೂ ಹೆಚ್ಚು. ಅಪ್ಪ ಅಮ್ಮ ಮಾತು ಬಿಟ್ಟ ದಿನ ಅಜ್ಜಿಯ ಪಕ್ಕ ಮಲಗಿದ ಮಗುವಿಗೂ, ಮುಚ್ಚಿದ ಬಾಗಿಲಿನ ಫ್ಲ್ಯಾಟಿನಲ್ಲಿ ಒಂಟಿಯಾಗಿ ಮಲಗಿದ ಮಗುವಿಗೂ ವ್ಯತ್ಯಾಸವಿದೆ. ಎಲ್ಲ ನಿಕಟತೆಯನ್ನೂ ರೋಗವೆಂದು, ಎಲ್ಲ ದೂರವನ್ನೂ ಪ್ರಬುದ್ಧತೆಯೆಂದು ಓದುವ ಚಿಕಿತ್ಸಕರು ಸಿಕ್ಕರೆ ಎಚ್ಚರದಿಂದಿರಿ. ತಂದೆತಾಯಿಯ ಜೊತೆಗೇ ವಾಸಿಸುತ್ತ ತನ್ನ ಮಾತನ್ನು ತಾನು ಆಡಬಲ್ಲವರಿದ್ದಾರೆ. ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿಯೂ ಭಾನುವಾರದ ವಿಡಿಯೊ ಕರೆಯಲ್ಲಿ ಅದೇ ಸುದ್ದಿ ಸಾಗಿಸುವ ಮಗುವಾಗಿರುವವರೂ ಇದ್ದಾರೆ.

ಹೊರದೇಶದಲ್ಲಿದ್ದೇನೆ. ಇಂಗ್ಲಿಷಿನಲ್ಲಿ ಥೆರಪಿ ಪಡೆದರೆ ಸಾಲದೇ?

ಅನೇಕರಿಗೆ ಸಾಲುತ್ತದೆ. ಕೆಲವರಿಗೆ ಇಂಗ್ಲಿಷಿನಲ್ಲಿ ಹೇಳುವುದೇ ಸುಲಭ, ಏಕೆಂದರೆ ಆ ಭಾಷೆಯಲ್ಲಿ ಅವರನ್ನು ಯಾರೂ ಬೈದಿರುವುದಿಲ್ಲ. ಅದೇ ಕಾರಣಕ್ಕೆ ಆ ಮಾತು ಒಮ್ಮೊಮ್ಮೆ ಬೇರೊಬ್ಬರ ಕಥೆಯಂತೆ ತಣ್ಣಗಿರುತ್ತದೆ. "ಮಾತು ಬಿಟ್ಟರು" ಎಂಬುದರಲ್ಲಿರುವ ತಿಂಗಳುಗಟ್ಟಲೆಯ ಭಾರ ಅನುವಾದದಲ್ಲಿ ಉಳಿಯುವುದು ಕಷ್ಟ. ಚಿಕಿತ್ಸಕರಿಗೆ ಕನ್ನಡ ಬಾರದಿದ್ದರೂ ಮನೆಯಲ್ಲಿ ಆಡಿದ ಮಾತನ್ನು ಮೊದಲು ಕನ್ನಡದಲ್ಲೇ ಹೇಳಿ, ಆಮೇಲೆ ಅರ್ಥ ಹೇಳಬಹುದು.

ತಂದೆತಾಯಿಯನ್ನು ದೂರಲಿಕ್ಕೆ ಕಲಿಸುವುದೇ ಥೆರಪಿಯೇ? ನನಗೆ ಈಗ ಅವರ ಮೇಲೆ ಮೊದಲಿಗಿಂತ ಹೆಚ್ಚು ಸಿಟ್ಟು ಬರುತ್ತಿದೆ.

ನಡುವೆ ಅಂಥದೊಂದು ಘಟ್ಟ ಬರುವುದುಂಟು, ಅದು ಕೊನೆಯ ನಿಲ್ದಾಣವಲ್ಲ. ಇಷ್ಟು ವರ್ಷ ಸಿಟ್ಟಾಗುವ ಪರವಾನಗಿಯಿಲ್ಲದವರಿಗೆ ಅದು ಒಮ್ಮೆಲೇ ಸಿಕ್ಕಾಗ ಅಳತೆ ತಪ್ಪುತ್ತದೆ. ಆ ದಿನಗಳಲ್ಲಿ ಉದ್ದನೆಯ ವಾಟ್ಸ್ಆ್ಯಪ್ ಸಂದೇಶ ಬರೆದು ಅಪ್ಪನಿಗೆ ಕಳಿಸುವ ಆಸೆ ಬಂದರೆ, ಬರೆಯಿರಿ, ಕಳಿಸಬೇಡಿ. ಮುಂದಿನ ಭೇಟಿಗೆ ತೆಗೆದುಕೊಂಡು ಹೋಗಿ.

ಬೋವೆನ್ ಮಾದರಿಯ ಚಿಕಿತ್ಸಕರು ಕನಿಷ್ಠ ಮೂರು ತಲೆಮಾರಿನ ವಂಶವೃಕ್ಷವನ್ನು ಬರೆಸುತ್ತಾರೆ: ಯಾರು ಯಾರೊಂದಿಗೆ ಮಾತು ಬಿಟ್ಟಿದ್ದರು, ಯಾರು ಮನೆ ಬಿಟ್ಟು ಹೋದರು, ಯಾರ ಹೆಸರನ್ನು ಎತ್ತುವಂತಿರಲಿಲ್ಲ. ಅಪ್ಪನೂ ಒಂದು ಕಾಲದಲ್ಲಿ ತನ್ನ ಅಪ್ಪ ಮತ್ತು ದೊಡ್ಡಪ್ಪನ ನಡುವೆ ಗದ್ದೆಯ ಬದುವಿನ ಜಗಳಕ್ಕೆ ಸುದ್ದಿ ಸಾಗಿಸಿದ ಹುಡುಗನೇ ಎಂಬುದು ಕಾಗದದ ಮೇಲೆ ಕಂಡಾಗ ಸಿಟ್ಟು ಹೋಗಿಬಿಡುವುದಿಲ್ಲ, ಆದರೆ ಅದರ ಜೊತೆಗೆ ಬೇರೆ ಭಾವಕ್ಕೂ ಜಾಗವಾಗುತ್ತದೆ. ದೌರ್ಜನ್ಯ ನಡೆದಿದ್ದ ಮನೆಗಳಿಗೆ ಮಾತ್ರ ಈ ಮಾತನ್ನು ಅವಸರದಲ್ಲಿ ಅನ್ವಯಿಸಬಾರದು. ಅಲ್ಲಿ ಅರ್ಥಮಾಡಿಕೊಳ್ಳುವ ಹೊಣೆ ಪೆಟ್ಟು ತಿಂದವರದ್ದಲ್ಲ.

ನನ್ನ ಮಕ್ಕಳಿಗೂ ಇದು ದಾಟಿಯೇ ತೀರುತ್ತದೆಯೇ?

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆಯಷ್ಟು ಖಚಿತವಾಗಿ ಸಂಶೋಧನೆ ಹೇಳುವುದಿಲ್ಲ. ಅಮೆರಿಕದ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ ಮತ್ತು ಸಂಗಡಿಗರು 1975ರಲ್ಲಿ ಕಷ್ಟದ ಬಾಲ್ಯ ಕಂಡ ತಾಯಂದಿರ ಜೊತೆ ಕೆಲಸ ಮಾಡಿದ ಅನುಭವವನ್ನು ಬರೆದರು. ನಡೆದದ್ದನ್ನು ನೆನಪಿಟ್ಟುಕೊಂಡಿದ್ದರೂ ಅಂದಿನ ನೋವನ್ನು ಒಳಗೇ ಹೂತುಹಾಕಿದವರಲ್ಲಿ ಅದು ಮಗುವಿನತ್ತ ಹರಿಯುವ ಸಂಭವ ಹೆಚ್ಚು, ನೋವನ್ನು ನೋವಾಗಿಯೇ ನೆನಪಿಟ್ಟವರಲ್ಲಿ ಕಡಿಮೆ ಎಂಬುದು ಅವರು ಕಂಡದ್ದು. ಒಂದು ಮಗು ತೊಟ್ಟಿಲಲ್ಲಿ ಅಳುತ್ತಿದ್ದರೂ ತಾಯಿ ಎತ್ತಿಕೊಳ್ಳುತ್ತಿರಲಿಲ್ಲ. ಆ ತಾಯಿಯ ಸ್ವಂತ ಅಳುವನ್ನು ಯಾರಾದರೂ ಕೇಳಿಸಿಕೊಂಡ ಮೇಲೆ ಅವಳಿಗೆ ಮಗುವಿನದ್ದು ಕೇಳಿಸತೊಡಗಿತು. ಬರ್ಕ್ಲಿಯ ಮೇರಿ ಮೇನ್ 1980ರ ದಶಕದಲ್ಲಿ ದೊಡ್ಡವರನ್ನು ಅವರ ಬಾಲ್ಯದ ಕುರಿತು ಸಂದರ್ಶಿಸುವ ಕ್ರಮವೊಂದನ್ನು ರೂಪಿಸಿದಾಗಲೂ ಇದೇ ದಿಕ್ಕಿನ ಫಲಿತ ಬಂತು. ಬಾಲ್ಯ ಚೆನ್ನಾಗಿತ್ತೋ ಕೆಟ್ಟದಾಗಿತ್ತೋ ಎಂಬುದಕ್ಕಿಂತ, ಅದನ್ನು ಎಷ್ಟು ಸುಸಂಬದ್ಧವಾಗಿ, ಮುಚ್ಚುಮರೆಯಿಲ್ಲದೆ ಹೇಳಬಲ್ಲರು ಎಂಬುದು ಅವರ ಮಕ್ಕಳ ಬಾಂಧವ್ಯದ ಬಗೆಯೊಂದಿಗೆ ಹೆಚ್ಚು ತಾಳೆಯಾಗುತ್ತಿತ್ತು.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ತಂಡ ದಶಕಗಳ ಕಾಲ ಹಿಂಬಾಲಿಸಿತು. ಅತಿ ಕಷ್ಟದ ಮನೆಗಳಲ್ಲಿ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗ ಸಮರ್ಥ, ಅಕ್ಕರೆಯ ವಯಸ್ಕರಾದರು. ಅವರಲ್ಲಿ ಹಲವರ ಬದುಕಿನಲ್ಲಿ ಅಜ್ಜಿಯೋ ಟೀಚರೋ ನೆರೆಯವರೋ, ನೆಚ್ಚಬಹುದಾದ ಒಬ್ಬ ದೊಡ್ಡವರಿದ್ದರು.

ಬಾಲ್ಯದ ಕಷ್ಟಕ್ಕೆ ಅಂಕ ಕೊಡುವ ಹತ್ತು ಪ್ರಶ್ನೆಗಳ ಪಟ್ಟಿ ತುಂಬಿದೆ, ಅಂಕ ಹೆಚ್ಚು ಬಂದಿದೆ. ಗಾಬರಿಯಾಗಬೇಕೇ?

ಬೇಡ. 1998ರಲ್ಲಿ ಫೆಲಿಟಿ ಮತ್ತು ಆಂಡ ಅವರ ಕ್ಯಾಲಿಫೋರ್ನಿಯಾದ ಅಧ್ಯಯನದಿಂದ ಬೆಳೆದ ಆ ಪಟ್ಟಿ ದೊಡ್ಡ ಜನಸಮೂಹದ ಆರೋಗ್ಯವನ್ನು ತಿಳಿಯಲು ರೂಪಿಸಿದ್ದು. ಒಬ್ಬ ವ್ಯಕ್ತಿಯ ಭವಿಷ್ಯವನ್ನು ಅದರಿಂದ ಹೇಳಬಾರದೆಂದು ಆಂಡ ಅವರೇ 2020ರಲ್ಲಿ ಎಚ್ಚರಿಸಿದ್ದಾರೆ.

ಎಷ್ಟು ಕಾಲ ಬೇಕು, ಎಲ್ಲಿಗೆ ಹೋಗಬೇಕು?

ಒಂದು ನಿರ್ದಿಷ್ಟ ತೊಂದರೆಗೆ ಕೆಲವು ವಾರಗಳು ಸಾಕಾಗಬಹುದು. ಇಲ್ಲಿ ಹೇಳಿರುವ ಬಗೆಯ ಪಾತ್ರ ಸಡಿಲಗೊಳ್ಳಲು ಹಲವು ತಿಂಗಳುಗಳಿಂದ ಒಂದೆರಡು ವರ್ಷಗಳೇ ಹಿಡಿಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ, ಶುಲ್ಕವಿಲ್ಲದೆ, ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಈ ಪುಟವನ್ನು ಓದುತ್ತ ಕೂರದೆ ಮೊದಲು ಆ ಕರೆ ಮಾಡಿ.

ಅಪ್ಪ ಅಮ್ಮ ಇಂದಿಗೂ ನನ್ನ ಮೂಲಕವೇ ಮಾತಾಡುತ್ತಾರೆ. ಈಗ ನಾನು ಏನು ಮಾಡಲಿ?

ದೊಡ್ಡ ಘೋಷಣೆಯೇನೂ ಬೇಡ. "ಇನ್ನು ಮುಂದೆ ನಾನು ನಿಮ್ಮ ಪೋಸ್ಟ್‌ಮ್ಯಾನ್ ಅಲ್ಲ" ಎಂದು ಸಾರಿದರೆ ಅದೂ ಒಂದು ಜಗಳವಾಗಿ, ಅದನ್ನು ಬಿಡಿಸುವ ಕೆಲಸವೂ ನಿಮಗೇ ಬರುತ್ತದೆ. ಇಬ್ಬರ ಸಂಪರ್ಕವನ್ನೂ ಉಳಿಸಿಕೊಂಡು, ಸಾಗಾಟವನ್ನು ಮಾತ್ರ ನಿಲ್ಲಿಸಬೇಕು. ಅಮ್ಮ ಫೋನಿನಲ್ಲಿ "ಬಿಪಿ ಮಾತ್ರೆ ತಗೊಳ್ಳೋಕೆ ಹೇಳು ನಿಮ್ಮಪ್ಪಂಗೆ, ನನ್ನ ಮಾತೆಲ್ಲಿ ಕೇಳ್ತಾರೆ" ಎಂದಾಗ, "ನೀನೇ ಹೇಳಮ್ಮಾ, ಪಕ್ಕದಲ್ಲೇ ಇದ್ದಾರಲ್ಲ" ಎಂದು ಮೆತ್ತಗೆ ಹೇಳಿ, ಫೋನು ಇಡದೆ, ಅವಳ ಮಂಡಿನೋವು ಹೇಗಿದೆ ಎಂದು ಕೇಳಬಹುದು. ಅಪ್ಪ ಅಮ್ಮನನ್ನು ದೂರಿದಾಗ ಕೇಳಿಸಿಕೊಳ್ಳಿ, ತೀರ್ಪು ಕೊಡಬೇಡಿ, ಸುದ್ದಿಯನ್ನು ಆ ಕಡೆಗೆ ಒಯ್ಯಬೇಡಿ.

ಮೊದಲು ಪರಿಸ್ಥಿತಿ ಹದಗೆಡುತ್ತದೆ. "ಈಗೀಗ ತುಂಬಾ ಬದಲಾಗಿದ್ದೀಯ", "ಆ ಡಾಕ್ಟರು ಏನು ತಲೆಗೆ ತುಂಬಿದ್ರೋ" ಎಂಬ ಮಾತುಗಳು ಬರುತ್ತವೆ, ಪ್ರಾಯಶಃ ತಂಗಿಯ ಬಾಯಿಂದ, ಏಕೆಂದರೆ ಖಾಲಿಯಾದ ಹುದ್ದೆಗೆ ಅಷ್ಟರಲ್ಲಿ ಅವಳನ್ನು ನೇಮಿಸಿಕೊಂಡಿರುತ್ತಾರೆ. ನಿಮಗೆ ಎದೆ ಡವಗುಡುತ್ತದೆ, ಕೈ ತಾನಾಗಿಯೇ ಅಪ್ಪನ ನಂಬರ್ ಒತ್ತಲು ಹೋಗುತ್ತದೆ. ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದೇ: ಒತ್ತದೆ ಕುಳಿತಿರುವುದು, ಮತ್ತು ತಂಗಿಗೆ ಬೇರೆ ದಿನ, ಬೇರೆ ವಿಷಯ ಮಾತಾಡಲು ಫೋನು ಮಾಡುವುದು. ಮಾತ್ರೆಯ ವಿಷಯ ಅಮ್ಮ ಅಪ್ಪನಿಗೆ ಹೇಳುತ್ತಾಳೋ ಇಲ್ಲವೋ ನಿಮಗೆ ಕೆಲವು ದಿನ ತಿಳಿಯುವುದಿಲ್ಲ.